ಗುಲಾಬಿ ಮೇಣದ ಒಸಡು

ಅಂಗಡಿಯ ಒಳಕೋಣೆ,
ಭಾನುವಾರ, ಬೆಳಿಗ್ಗೆ

ಸೊಸೆಗೆ ಅತ್ತೆಯ ಆಶೀರ್ವಾದ.

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ನಿನ್ನ ಎದೆ ಧಸಕ್ ಅಂದಿರಬೇಕು. ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ನೀನು ನಮ್ಮ ಮನೆಗೆ ಬಂದು ಒಂಬತ್ತು ವರ್ಷವಾಯಿತು, ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನ್ ಇಲ್ಲವೇ ಎಂದು ಕೇಳುತ್ತೀಯ. ಇದೆ. ಆದರೆ ಫೋನಿನಲ್ಲಿ ನಮ್ಮಿಬ್ಬರ ಮಾತು ಹೇಗೆ ನಡೆಯುತ್ತದೆ ಎಂದು ನಿನಗೇ ಗೊತ್ತಲ್ಲ. "ಚೆನ್ನಾಗಿದೀರಾ ಅತ್ತೆ?" ಎಂದು ನೀನು. "ಚೆನ್ನಾಗಿದೀನಿ, ಪುಟ್ಟಿ ಊಟ ಮಾಡಿದ್ಲಾ?" ಎಂದು ನಾನು. "ಮಾಡಿದ್ಲು, ಇರಿ, ಇವರಿಗೆ ಕೊಡ್ತೀನಿ." ಅಷ್ಟು ಹೊತ್ತಿಗೆ ಫೋನು ನನ್ನ ಮಗನ ಕೈಗೆ ಹೋಗಿರುತ್ತದೆ. ಎರಡು ವರ್ಷದಿಂದ ಇದೇ ಪಾಠ ಒಪ್ಪಿಸುತ್ತಿದ್ದೇವೆ. ಇವತ್ತು ನಾನು ಹೇಳಬೇಕಾದದ್ದು ಅಷ್ಟರಲ್ಲಿ ಮುಗಿಯುವಂಥದ್ದಲ್ಲ.

ಅಂಗಡಿಗೆ ರಜೆ. ಯಾರ ಹಲ್ಲಿನ ಸೆಟ್ಟೂ ಒಲೆಯ ಮೇಲೆ ಬೇಯುತ್ತಿಲ್ಲ. ಮೇಜಿನ ಮೇಲಿನ ಪ್ಲಾಸ್ಟರ್ ಪುಡಿ ಒರೆಸಿ, ಎರಡು ಹಾಳೆ ಬರೆದು ಹರಿದು, ಮೂರನೆಯದಕ್ಕೆ ಕೈ ಹಾಕಿದ್ದೇನೆ. ಹಾಗಾಗಿ ಸುತ್ತಿ ಬಳಸದೆ ಮುಖ್ಯ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ಬುಧವಾರ ನೀನು ಆ ದೊಡ್ಡ ಸಭಾಂಗಣದಲ್ಲಿ ನಾನೂರು ಜನರ ಮುಂದೆ ನಿಂತು ಮಾತಾಡಿದೆಯಲ್ಲ, ನಾನು ಅಲ್ಲಿದ್ದೆ. ಕೊನೆಯ ಸಾಲು, ಬಲಗಡೆ, ಕಂಬದ ಹಿಂದಿನ ಕುರ್ಚಿ. ನಿನ್ನ ಗಂಡನಿಗೂ ಹೇಳಿರಲಿಲ್ಲ. ಬೆಳಿಗ್ಗೆ ಐದೂವರೆಯ ಬಸ್ಸಿಗೆ ಬಂದೆ, ಮಧ್ಯಾಹ್ನ ಎರಡರ ಬಸ್ಸಿಗೆ ವಾಪಸ್ ಹೋದೆ. ಊರಿಗೆ ಬಂದು ಮನೆಗೆ ಬರದೆ ಹೋದರು ಎಂದು ಕೋಪ ಮಾಡಿಕೊಳ್ಳಬೇಡ. ಬಂದು ಏನು ಮಾತಾಡಬೇಕು ಎಂದು ನನಗೆ ಗೊತ್ತಿರಲಿಲ್ಲ, ಅಷ್ಟೆ.

ಯಾಕೆ ಗೊತ್ತಿರಲಿಲ್ಲ ಎಂಬುದನ್ನೂ ಬರೆಯಬೇಕು. ಎರಡು ವರ್ಷದ ಹಿಂದೆ, ಪುಟ್ಟಿಯ ಹುಟ್ಟುಹಬ್ಬದ ದಿನ. ಹತ್ತು ಹನ್ನೆರಡು ಜನ ಊಟಕ್ಕೆ ಕೂತಿದ್ದೆವು. ನಾನು ಸೇಬಿನ ಹೋಳು ಕಚ್ಚಿದೆ. ನೀನು ಎದುರಿಗೆ ಕೂತಿದ್ದೆ. ಎಲ್ಲರೆದುರು ಹೇಳಿದೆ: "ಅತ್ತೆ, ಸೇಬಿನ ಮೇಲೆ ರಕ್ತ ಇದೆ. ನಿಮ್ಮ ಒಸಡು ಊದಿದೆ. ಒಂದ್ಸಲ ಯಾರಿಗಾದ್ರೂ ತೋರಿಸ್ಕೊಳ್ಳಿ." ನೀನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಮೂವತ್ತೊಂದು ವರ್ಷದಿಂದ ಊರಿನವರ ಬಾಯಿಗೆಲ್ಲ ಹಲ್ಲು ಕಟ್ಟಿ ಕಳಿಸುತ್ತಿರುವವಳು ನಾನು. ನಿನ್ನ ಮಾವ ತೀರಿಹೋದ ಮೇಲೆ, ಒಂಬತ್ತು ವರ್ಷದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದೇ ಮೇಜಿನ ಮೇಲೆ ಕೆಲಸ ಕಲಿತು ಬದುಕಿದವಳು. ನನ್ನ ಬಾಯಲ್ಲೇ ಹುಳುಕಿದೆ ಎಂದು ಹತ್ತು ಜನರ ನಡುವೆ ಹೇಳಿಸಿಕೊಂಡಾಗ ಮುಖಕ್ಕೆ ಹೊಡೆದ ಹಾಗಾಯಿತು. ಆಮೇಲೆ ನಾನು ಅಂದದ್ದು ನಿನಗೆ ನೆನಪಿದೆ, ನನಗೂ ನೆನಪಿದೆ. "ನಾನು ಹಲ್ಲಿಲ್ಲದೋರಿಗೆ ಹಲ್ಲು ಕೊಟ್ಟು ಕಳಿಸ್ತೀನಮ್ಮ. ನೀನು ಆರು ವರ್ಷದಿಂದ ಆ ಲ್ಯಾಬಲ್ಲಿ ಹುಳ ಸಾಕ್ತಾ ಕೂತಿದೀಯಲ್ಲ, ಯಾರ ಬಾಯಿಗೆ ಏನು ಕೊಟ್ಟೆ?"

ಎಲ್ಲರೂ ನಕ್ಕರು. ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಆ ನಗು ಬರಲಿ ಎಂದೇ ನಾನು ಹಾಗೆ ಹೇಳಿದ್ದು. ಎಲ್ಲರ ಕಣ್ಣು ನನ್ನ ಬಾಯಿಂದ ನಿನ್ನ ಮುಖದ ಕಡೆ ತಿರುಗಲಿ ಎಂದು. ತಿರುಗಿತು.

ಈಗ ಒಪ್ಪಿಕೊಳ್ಳುತ್ತೇನೆ. ಆ ಹೊತ್ತಿಗಾಗಲೇ ನನ್ನ ಒಸಡಿನಿಂದ ರಕ್ತ ಬರಲು ಶುರುವಾಗಿ ಎರಡು ವರ್ಷವಾಗಿತ್ತು. ಬೆಳಿಗ್ಗೆ ಹಲ್ಲುಜ್ಜಿದರೆ ನೊರೆ ಕೆಂಪಗೆ. ನಲ್ಲಿ ಜೋರಾಗಿ ತಿರುಗಿಸಿ ತೊಳೆದುಬಿಡುತ್ತಿದ್ದೆ. ಕೆಳಗಿನ ಎದುರು ಹಲ್ಲುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದಿಯಾಗಿತ್ತು. ಬ್ರೆಡ್ಡಿನ ಅಂಚು ಕತ್ತರಿಸಿ ಮೆತ್ತಗಿನದನ್ನು ಮಾತ್ರ ತಿನ್ನುತ್ತಿದ್ದೆ. ಮಾತಾಡುವಾಗ ಕೈ ತಾನಾಗಿ ಬಾಯಿಗೆ ಅಡ್ಡ ಬರುವುದು ರೂಢಿಯಾಗಿತ್ತು. ಪುಟ್ಟಿ ನನಗೆ ಹಲ್ಲಜ್ಜಿ ಎಂದು ಹೆಸರಿಟ್ಟಿದ್ದಾಳಲ್ಲ, ಅವಳು ಹಾಗೆ ಕೂಗಿದಾಗಲೆಲ್ಲ ನಗು ಬರುತ್ತಿತ್ತು, ನಕ್ಕರೆ ಕೈ ಅಡ್ಡ ಹೋಗುತ್ತಿತ್ತು.

ನನಗೆ ಗೊತ್ತಿದ್ದ ಒಸಡು ಒಂದೇ, ಗುಲಾಬಿ ಮೇಣದ್ದು. ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಅದರ ಮೇಲೆ ಮೇಣ ಬಿಸಿ ಮಾಡಿ ಕೂರಿಸಿ, ಒಂದೊಂದೇ ಹಲ್ಲು ನೆಟ್ಟು, ಚಾಕುವಿನ ಮೊನೆಯಲ್ಲಿ ಒಸಡಿನ ಕಮಾನು ಬಿಡಿಸುತ್ತೇನೆ. ನನ್ನ ಮೇಣದ ಒಸಡು ಎಷ್ಟು ಚೆಂದ ಎಂದರೆ ಮೇಲಿನ ಮಹಡಿಯ ಡಾಕ್ಟರು ಹೊಸ ವಿದ್ಯಾರ್ಥಿಗಳನ್ನು ಕರೆತಂದು ತೋರಿಸುತ್ತಾರೆ. ಆದರೆ ಮೇಣಕ್ಕೆ ಜೀವವಿಲ್ಲ. ಹೇಳಿದಂತೆ ಕೇಳುತ್ತದೆ. ಜೀವವಿರುವ ಒಸಡಿನೊಳಗೆ ಏನು ನಡೆಯುತ್ತದೆ ಎಂದು ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಹತ್ತಿರ ಬರುವಷ್ಟರಲ್ಲಿ ಹಲ್ಲು ಬಿದ್ದು ಮುಗಿದಿರುತ್ತಿತ್ತು.

ಇರಲಿ. ಹೋದ ವರ್ಷದ ಮಾತಿಗೆ ಬರುತ್ತೇನೆ.

ನಿನ್ನ ಗಂಡ ಒಂದು ದಿನ ಫೋನ್ ಮಾಡಿ ಬಹಳ ಖುಷಿಯಲ್ಲಿದ್ದ. ಒಸಡಿನ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಅದಕ್ಕೆ ಬಾಯಿಯ ಬ್ಯಾಕ್ಟೀರಿಯಾ ಬಿಟ್ಟರೆ, ಕೋಶಗಳೆಲ್ಲ ಕಿತ್ತು ಬರುತ್ತವಂತೆ, ನಿನ್ನ ಗುರುಗಳು ಮೆಚ್ಚಿಕೊಂಡಿದ್ದಾರಂತೆ, ದೊಡ್ಡ ಸಮ್ಮೇಳನದಲ್ಲಿ ನೀನೇ ಹೇಳುವುದಂತೆ. ನಾನು "ಆಯ್ತಪ್ಪ" ಎಂದೆ. ಮೂರು ವಾರ ಬಿಟ್ಟು ಮತ್ತೆ ಫೋನ್ ಮಾಡಿದ. ಈ ಸಲ ದನಿ ಬೇರೆಯೇ ಇತ್ತು.

"ಎಲ್ಲ ಹಾಳು ಮಾಡ್ಕೊಂಡ್ಳಮ್ಮ. ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಾನೇ ಇರ್ಲಿಲ್ಲ."

ಏನಾಯಿತು ಎಂದು ಕೇಳಿದೆ. ಕೋಶಗಳನ್ನು ಮೈಬಿಸಿಯಷ್ಟೇ ಬೆಚ್ಚಗಿಡುವ ಪೆಟ್ಟಿಗೆಯಲ್ಲಿ ಎರಡು ಅರೆಗಳಿದ್ದವಂತೆ. ಬ್ಯಾಕ್ಟೀರಿಯಾ ಹಾಕಿದ ತಟ್ಟೆಗಳನ್ನು ಯಾವಾಗಲೂ ಮೇಲಿನ ಅರೆಯಲ್ಲಿ, ಏನೂ ಹಾಕದ ಶುದ್ಧ ತಟ್ಟೆಗಳನ್ನು ಕೆಳಗಿನ ಅರೆಯಲ್ಲಿ ಇಡುತ್ತಿದ್ದೆಯಂತೆ. ಒಂದು ದಿನ ಕೆಳಗೆ ಜಾಗವಿಲ್ಲದೆ ಶುದ್ಧ ತಟ್ಟೆಯನ್ನೂ ಮೇಲಿಟ್ಟೆ. ಮಾರನೆಯ ದಿನ ನೋಡಿದರೆ ಅದರಲ್ಲೂ ಕೋಶಗಳು ಕಿತ್ತು ತೇಲುತ್ತಿದ್ದವು. ಮೇಲಿನ ಅರೆ ಬೇಕಾದ್ದಕ್ಕಿಂತ ಬಿಸಿಯಾಗುತ್ತಿತ್ತು. ಹಾಗಾದರೆ ಇಷ್ಟು ದಿನ ಕಂಡದ್ದರಲ್ಲಿ ಬ್ಯಾಕ್ಟೀರಿಯಾದ ಕೆಲಸ ಎಷ್ಟು, ಬಿಸಿಯ ಕೆಲಸ ಎಷ್ಟು? ಯಾರಿಗೂ ಹೇಳಲು ಬರುವುದಿಲ್ಲ. ನೀನು ನೆಟ್ಟಗೆ ಗುರುಗಳ ಕೋಣೆಗೆ ಹೋಗಿ, "ಸಾರ್, ನನ್ನ ಫಲಿತಾಂಶ ನಂಬೋ ಹಾಗಿಲ್ಲ, ವಾಪಸ್ ತಗೊಳ್ಬೇಕು" ಎಂದೆಯಂತೆ. ಅವರು ಕಳಿಸಿಯಾಗಿದ್ದ ಲೇಖನ ಹಿಂದಕ್ಕೆ ತರಿಸಬೇಕಾಯಿತಂತೆ. ಒಂದು ವಾರ ನಿನ್ನೊಂದಿಗೆ ಮಾತು ಬಿಟ್ಟರಂತೆ. ಸಮ್ಮೇಳನ ಹೋಯಿತು, ಮೂರು ವರ್ಷದ ದುಡಿಮೆ ಹೋಯಿತು.

ನನ್ನ ಮಗ ಒಳ್ಳೆಯವನೇ. ನಿನ್ನ ಕಣ್ಣೀರು ನೋಡಲಾಗದೆ ಹಾಗೆ ಅಂದ. ಆದರೆ ಅವನು ಶಾಲೆಯಲ್ಲಿ ಗಣಿತ ಹೇಳಿಕೊಡುವವನು, ಅವನ ತಪ್ಪನ್ನು ಡಸ್ಟರಿನಿಂದ ಒರೆಸಿದರೆ ಆಯಿತು. ಕೈಯಲ್ಲಿ ವಸ್ತು ಮಾಡುವವರ ಕಷ್ಟ ಅವನಿಗೆ ತಿಳಿಯದು. ನನಗೆ ತಿಳಿಯಿತು. ಸೆಟ್ಟು ಬೇಯಿಸುವಾಗ ನೀರು ಒಮ್ಮೆಲೇ ಜೋರು ಕುದಿದರೆ ಒಳಗೆ ಗುಳ್ಳೆ ಕೂರುತ್ತದೆ. ಸಾಸಿವೆಗಿಂತ ಸಣ್ಣದು. ಮೇಲೆ ಪಾಲಿಶ್ ಹೊಡೆದರೆ ಕನ್ನಡಿ ಹಾಗೆ ಹೊಳೆಯುತ್ತದೆ, ಡಾಕ್ಟರಿಗೂ ಕಾಣುವುದಿಲ್ಲ. ಆರು ತಿಂಗಳಿಗೆ ಅದೇ ಜಾಗದಲ್ಲಿ ಬಿರುಕು ಬಿಡುತ್ತದೆ. ಒಮ್ಮೆ ನಿವೃತ್ತ ಮೇಷ್ಟರೊಬ್ಬರು ಮೊಮ್ಮಗಳ ಮದುವೆಗೆ ಹೊರಟು ಸೆಟ್ಟಿಗೆಂದು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಬೆಳಕಿಗೆ ಹಿಡಿದಾಗ ಗುಳ್ಳೆ ಕಂಡಿತು. ಅವರ ಕಣ್ಣೆದುರೇ ಎರಡು ತುಂಡು ಮಾಡಿ, "ಇನ್ನೆರಡು ದಿನ ಬೇಕು" ಎಂದೆ. ಬೊಕ್ಕಬಾಯಲ್ಲೇ ಮದುವೆಗೆ ಹೋದರು, ಹೋಗುವ ಮುಂಚೆ ನನಗೆ ಬಾಯಿಗೆ ಬಂದಂತೆ ಬೈದರು. ಅವತ್ತು ನಾನು ಊಟ ಬಿಟ್ಟು ಅಳುತ್ತಾ ಕೂತೆ. ಆದರೆ ಅದನ್ನು ಮುರಿದದ್ದಕ್ಕೆ ಯಾವತ್ತೂ ಬೇಜಾರು ಮಾಡಿಕೊಂಡಿಲ್ಲ.

ನೀನೂ ನಿನ್ನ ಸೆಟ್ಟು ಮುರಿದೆ. ಅದೂ ಎಲ್ಲರೂ ಹೊಗಳುತ್ತಿದ್ದ ಹೊತ್ತಿನಲ್ಲಿ. ಮಗನ ಫೋನ್ ಇಟ್ಟಮೇಲೆ ಒಂದು ಗಳಿಗೆ ಕೂತೆ. ಇವಳು ನಮ್ಮ ಜಾತಿಯವಳು, ಕೆಲಸದ ಜಾತಿಯವಳು ಎಂದು ಮನಸ್ಸಿಗೆ ಬಂತು. ಆಗಲೇ ನಿನಗೆ ಫೋನ್ ಮಾಡಿ ಇಷ್ಟು ಮಾತು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಫೋನ್ ಎತ್ತಿದೆ, ಇಟ್ಟೆ. ಮತ್ತೆ ಎತ್ತಿದೆ. ಇಟ್ಟೆ. ಹುಳ ಸಾಕುವವಳು ಎಂದ ಬಾಯಿಗೆ ಬೇರೆ ಮಾತು ಬರಲಿಲ್ಲ.

ನನ್ನ ಬಾಯಿ ನನಗೆ ಪಾಠ ಕಲಿಸಿದ್ದು ಈಚೆಗೆ, ಎರಡು ತಿಂಗಳ ಹಿಂದೆ. ಅಂಗಡಿಗೆ ಹೊಸ ಸೆಟ್ಟು ತೆಗೆದುಕೊಳ್ಳಲು ಬಂದ ಹೆಂಗಸೊಬ್ಬಳಿಗೆ ಹೇಗೆ ತೊಳೆಯಬೇಕು, ಹೇಗೆ ಇಡಬೇಕು ಎಂದು ಹೇಳುತ್ತಿದ್ದೆ. ಮಾತಿನ ನಡುವೆ ಅವಳು ತನ್ನ ಸೆರಗಿನ ತುದಿ ನನ್ನ ಕಡೆ ಚಾಚಿ, "ಅಕ್ಕಾ, ತುಟಿ ಒರೆಸ್ಕೊಳ್ಳಿ" ಎಂದಳು. ರಕ್ತ. ಹಲ್ಲಿಲ್ಲದವಳು ಹಲ್ಲು ಮಾಡುವವಳ ಕಡೆ ಕನಿಕರದಿಂದ ನೋಡಿದಳು. ಮಾರನೆಯ ಬೆಳಿಗ್ಗೆಯೇ ಅಂಗಡಿಗೆ ಬೀಗ ಹಾಕಿದೆ.

ಊರಿನ ಡಾಕ್ಟರುಗಳಿಗೆಲ್ಲ ನನ್ನ ಪರಿಚಯ. ಅದಕ್ಕೇ ಊರಾಚೆಯ ದೊಡ್ಡ ದಂತ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತೆ. ಚೀಟಿಯಲ್ಲಿ ಉದ್ಯೋಗ ಏನು ಎಂದು ಕೇಳಿದರು, ಹೊಲಿಗೆ ಎಂದು ಬರೆಸಿದೆ. ಒಸಡಿನ ಡಾಕ್ಟರು ಒಬ್ಬ ಹುಡುಗಿ, ನಿನಗಿಂತ ಚಿಕ್ಕವಳು. ಬಾಯಿ ತೆರೆಸುವ ಮೊದಲು ನನ್ನ ಕೈ ನೋಡಿದಳು.

"ಹೊಲಿಗೆ ಮಾಡೋರ ಉಗುರಲ್ಲಿ ಪ್ಲಾಸ್ಟರ್ ಇರಲ್ಲ ಅಮ್ಮ."

ಸಿಕ್ಕಿಬಿದ್ದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಗೆರೆ ಹಾಕಿದ ಸಣ್ಣ ಕಡ್ಡಿಯೊಂದನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ಅಳೆಯುತ್ತಾ, ಪಕ್ಕದವಳಿಗೆ ಲೆಕ್ಕ ಬರೆಸಿದಳು. ಮೂರು, ಮೂರು, ಐದು, ಆರು, ಏಳು. ಎರಡು ಮೂರು ಮಿಲಿಮೀಟರ್ ಇದ್ದರೆ ಸರಿಯಂತೆ. ಅದಕ್ಕಿಂತ ಆಳ ಇದ್ದರೆ ಒಸಡು ಹಲ್ಲನ್ನು ಬಿಟ್ಟು ಚೀಲದ ಹಾಗೆ ಬಾಯಿ ತೆರೆದಿದೆ ಎಂದರ್ಥವಂತೆ. ಎಕ್ಸ್-ರೇ ತೋರಿಸಿದಳು. ಕೆಳಗಿನ ಎದುರು ಹಲ್ಲುಗಳ ಸುತ್ತ ಮೂಳೆ, ಕೆರೆಯಲ್ಲಿ ನೀರು ಇಳಿದ ಹಾಗೆ ಇಳಿದಿತ್ತು. ನಾನು ಎಷ್ಟೋ ಸಾವಿರ ದವಡೆಯ ಅಚ್ಚು ತೆಗೆದಿರಬಹುದು, ಅವು ಯಾಕೆ ಸವೆದಿದ್ದವು ಎಂದು ಆ ಕುರ್ಚಿಯಲ್ಲಿ ಮಲಗಿಕೊಂಡಾಗ ತಿಳಿಯಿತು.

"ಇದನ್ನ ಬ್ಯಾಕ್ಟೀರಿಯಾ ಹೇಗೆ ಮಾಡುತ್ತೆ ಗೊತ್ತಾ ಅಮ್ಮ?" ಎಂದು ಶುರು ಮಾಡಿದಳು. ನನ್ನ ಬಾಯಿಯಲ್ಲಿ ಹತ್ತಿ ಇತ್ತು. ಹತ್ತಿ ತೆಗೆದು ಹೇಳಿದೆ: "ನನ್ನ ಸೊಸೆ ಅದನ್ನೇ ಕಂಡುಹಿಡೀತಿರೋದು."

ಹೇಗೆ ಬಂತೋ ಆ ಮಾತು. ನಾನು ಹೇಳಿದ್ದು ನನಗೇ ಹೊಸದಾಗಿ ಕೇಳಿಸಿತು. ಯಾವ ಲ್ಯಾಬು, ಯಾವ ಗುರುಗಳು ಎಂದು ಅವಳು ವಿಚಾರಿಸಿದಳು. ನನಗೆ ಗೊತ್ತಿದ್ದಷ್ಟು ಹೇಳಿದೆ. ಅವಳು ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. "ಆ ಮೇಡಮ್ಮಾ? ಲೇಖನ ವಾಪಸ್ ತಗೊಂಡು ಎಂಟು ತಿಂಗಳು ಮತ್ತೆ ಮೊದಲಿಂದ ಮಾಡಿದ್ರಲ್ಲ, ಅವರಾ? ಇನ್ನೆರಡು ತಿಂಗಳಿಗೆ ಅವರ ಮಾತಿದೆ, ಕೇಳೋಕೆ ನಮ್ಮ ಡಿಪಾರ್ಟ್‌ಮೆಂಟೆಲ್ಲ ಹೋಗ್ತಿದೆ." ಗೋಡೆಯ ಮೇಲಿನ ನೋಟೀಸು ತೋರಿಸಿದಳು. ನಿನ್ನ ಹೆಸರು, ದಪ್ಪ ಅಕ್ಷರದಲ್ಲಿ. ಆ ಹೆಸರಿನ ಹಿಂದೆ ನಮ್ಮ ಮನೆತನದ ಹೆಸರು. ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ನೀನು ಎಂಟು ತಿಂಗಳು ಮತ್ತೆ ಮೊದಲಿಂದ ಮಾಡಿದ್ದು ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ, ನೀನು ಹೇಳಿರಲಿಲ್ಲ.

ಇನ್ನು ಬುಧವಾರದ ವಿಷಯ. ನೀನು ವೇದಿಕೆಯ ಮೇಲಿದ್ದೆ, ನಿನಗೆ ಕಾಣದ್ದನ್ನು ನಾನು ಹೇಳುತ್ತೇನೆ.

ನನ್ನ ಪಕ್ಕದಲ್ಲಿ ಕೋಟು ಹಾಕಿದ ಒಬ್ಬ ಪ್ರೊಫೆಸರು ಕೂತಿದ್ದರು. ನೀನು ಬರುವ ಮುಂಚೆಯೇ ಅವರ ತಲೆ ಎದೆಗೆ ಬಿದ್ದು ಸಣ್ಣಗೆ ಗೊರಕೆ ಶುರುವಾಗಿತ್ತು. ನೀನು ಮೈಕಿನ ಮುಂದೆ ಬಂದ ತಕ್ಷಣ ಮೊಣಕೈಯಲ್ಲಿ ತಿವಿದೆ. "ಏಳಿ ಸಾರ್, ನನ್ನ ಸೊಸೆ ಮಾತಾಡ್ತಿದಾಳೆ." ಪಾಪ, ಗಾಬರಿಯಿಂದ ಎದ್ದು ಕೂತು ಕೊನೆಯ ತನಕ ಕಣ್ಣು ಮಿಟುಕಿಸಲಿಲ್ಲ. ಕೊನೆಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರೂ ಅವರೇ. ಭಯಕ್ಕೋ ಮೆಚ್ಚಿಗೆಗೋ ಕೇಳಲಿಲ್ಲ.

ನೀನು ಮೊದಲು ತೋರಿಸಿದ್ದು ಗೆದ್ದದ್ದನ್ನಲ್ಲ, ಸೋತದ್ದನ್ನು. ಆ ಬಿಸಿಯಾದ ಅರೆಯ ಚಿತ್ರ ಗೋಡೆಯ ಮೇಲೆ ಹಾಕಿ, "ಇದು ನನ್ನ ತಪ್ಪು. ಇದನ್ನು ನೋಡದೆ ಮುಂದಿನದನ್ನು ನಂಬಬೇಡಿ" ಎಂದೆ. ಮುಂದಿನ ಸಾಲಿನಲ್ಲಿ ನಿನ್ನ ಗುರುಗಳು ತಲೆ ಎತ್ತಿ ಕೂತಿದ್ದನ್ನು ಹಿಂದಿನಿಂದ ನೋಡಿದೆ. ನಾನೂ ಹಾಗೇ ನೆಟ್ಟಗೆ ಕೂತೆ.

ಆಮೇಲೆ ಆ ಸಿನಿಮಾ. ಬುದ್ಧಿಹಲ್ಲು ಕೀಳುವಾಗ ಸಿಕ್ಕ ಒಸಡಿನ ಚೂರಿನಿಂದ ಬೆಳೆಸಿದ ಕೋಶಗಳು ಎಂದೆ ನೀನು. ಕಲ್ಲುಚಪ್ಪಡಿ ಹಾಸಿದ ನೆಲದ ಹಾಗೆ, ಒಂದಕ್ಕೊಂದು ಸಂದಿಲ್ಲದೆ ಒತ್ತಿಕೊಂಡು, ಅಂಚಿನಲ್ಲಿ ಸಣ್ಣ ಸಣ್ಣ ಎಳೆಗಳಿಂದ ಕೈ ಹಿಡಿದುಕೊಂಡಿದ್ದವು. ಅದೇ ನಮ್ಮ ಬಾಗಿಲು, ಒಳಗೆ ಯಾರನ್ನೂ ಬಿಡದ ಬಾಗಿಲು ಎಂದೆ. ಬ್ಯಾಕ್ಟೀರಿಯಾ ಬಿಟ್ಟೆ. ಒಂದು ದಿನದ್ದನ್ನು ಒಂದು ನಿಮಿಷಕ್ಕೆ ಇಳಿಸಿ ತೋರಿಸಿದೆ. ನಾನು ಅಂದುಕೊಂಡದ್ದು, ಹುಳ ಬಂದು ಕಚ್ಚಿ ಕೊಲ್ಲುತ್ತದೆ ಎಂದು. ಹಾಗಲ್ಲ. ಅವು ಒಂದು ಬಗೆಯ ರಸ ಬಿಡುತ್ತವೆ, ಆ ರಸ ಕತ್ತರಿಯ ಹಾಗೆ ಕೋಶಗಳ ನಡುವಿನ ಎಳೆಗಳನ್ನು ಕತ್ತರಿಸುತ್ತದೆ. ಮೊದಲು ಸಂದಿ ಬಿತ್ತು. ಚಪ್ಪಡಿಗಳು ಮುದುಡಿ ಗುಂಡಗಾದವು. ಪಕ್ಕದ್ದರ ಕೈ ಬಿಟ್ಟವು, ನೆಲದ ಹಿಡಿತವನ್ನೂ ಬಿಟ್ಟವು, ಒಂದೊಂದಾಗಿ ಎದ್ದು ತೇಲಿಹೋದವು. ಸಾಯುವುದು ಆಮೇಲೆ. "ಮೊದಲು ಕೈ ಬಿಡಿಸುತ್ತೆ" ಎಂದೆ ನೀನು. ಆ ಸಂದಿಯಲ್ಲಿ ಅವು ಒಳಗಿಳಿದರೆ ನಮ್ಮ ದೇಹವೇ ಕಾವಲಿಗೆ ಜನ ಕಳಿಸುತ್ತದೆ, ಆ ಜಗಳ ವರ್ಷಗಟ್ಟಲೆ ನಡೆದು ನಮ್ಮದೇ ಒಸಡು, ನಮ್ಮದೇ ಮೂಳೆ ಹಾಳಾಗುತ್ತದೆ ಎಂದೂ ಹೇಳಿದೆ. ನಾನು ನಾಲಿಗೆಯಿಂದ ನನ್ನ ಕೆಳಗಿನ ಸಂದಿ ಮುಟ್ಟಿ ನೋಡಿಕೊಂಡೆ.

ಪಕ್ಕದಲ್ಲೇ ಇನ್ನೊಂದು ತಟ್ಟೆ. ಅಷ್ಟೇ ಬ್ಯಾಕ್ಟೀರಿಯಾ, ಅದೇ ಅರೆ, ಅದೇ ಬಿಸಿ. ಆದರೆ ಆ ಕತ್ತರಿ ರಸಕ್ಕೆ ಮಾತ್ರ ಕಡಿವಾಣ ಹಾಕಿದ್ದೆ. ಕೋಶಗಳು ಕೈ ಬಿಡಲಿಲ್ಲ. ಹನ್ನೆರಡು ಗಂಟೆ, ಹದಿನೆಂಟು ಗಂಟೆ, ಬಿಡಲಿಲ್ಲ. ಸಭೆಯಲ್ಲಿ ಯಾರೋ "ಓಹ್" ಎಂದರು. ನಾನಿರಬೇಕು. ಅಲ್ಲಿಗೆ ನಿಲ್ಲಿಸಿ ಜಂಬ ಹೊಡೆಯಬಹುದಿತ್ತು. ನೀನು ಹಾಗೆ ಮಾಡಲಿಲ್ಲ. "ಇದು ಔಷಧಿ ಅಲ್ಲ. ತಟ್ಟೆಯೊಳಗೆ ಕಂಡ ಮಾತು ಅಷ್ಟೆ. ಬಾಯಿ ತಟ್ಟೆಗಿಂತ ದೊಡ್ಡದು" ಎಂದೆ.

ಪ್ರಶ್ನೆ ಬರೆದು ಕೊಡಿ ಎಂದು ಚೀಟಿ ಹಂಚಿದರಲ್ಲ, ಅಧ್ಯಕ್ಷರು ಓದಿದ ನಾಲ್ಕನೆಯ ಚೀಟಿ ನಿನಗೆ ನೆನಪಿರಬೇಕು. "ಕೈ ಬಿಟ್ಟ ಕೋಶಗಳು ಮತ್ತೆ ಕೈ ಹಿಡಿಯುತ್ತವೆಯೇ?" ಕೆಲವರು ನಕ್ಕರು, ಯಾರೋ ವಿಜ್ಞಾನ ಗೊತ್ತಿಲ್ಲದವರು ಕೇಳಿದ್ದು ಎಂದು. ಹೌದು, ಗೊತ್ತಿಲ್ಲದವಳೇ. ಅದು ನನ್ನ ಚೀಟಿ.

ನೀನು ನಗಲಿಲ್ಲ. "ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ" ಎಂದೆ. ತೇಲಿಹೋದವು ವಾಪಸ್ ಬರುವುದಿಲ್ಲ, ಆದರೆ ಬ್ಯಾಕ್ಟೀರಿಯಾವನ್ನು ಬೇಗ ತೊಳೆದು ತೆಗೆದರೆ ಅಂಚಿನಲ್ಲಿ ಉಳಿದವು ಹರಡಿಕೊಂಡು ಬಂದು ಖಾಲಿ ಜಾಗ ಮುಚ್ಚುತ್ತವೆ, ಒಂದನ್ನೊಂದು ಹಿಡಿಯುತ್ತವೆ ಎಂದೆ. ಇಳಿದ ಮೂಳೆ ಮಾತ್ರ ಮೊದಲಿನಂತೆ ಆಗುವುದು ಕಷ್ಟ, ಅದಕ್ಕೇ ತಡ ಮಾಡಬಾರದು ಎಂದೆ. ಅಷ್ಟಕ್ಕೆ ಮುಗಿಸುತ್ತೀಯ ಎಂದುಕೊಂಡೆ. ನೀನು ಮೈಕ್ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.

"ನಮ್ಮನೆಯಲ್ಲೇ ಒಬ್ಬರಿಗೆ ಈ ತೊಂದರೆ ಇದೆ. ನಾನು ಅವರಿಗೆ ಹೇಳ್ದೆ. ಹೇಳಿದ್ದು ನಿಜ, ಆದ್ರೆ ಹತ್ತು ಜನರ ಎದುರಿಗೆ ಹೇಳಿದ್ದು ತಪ್ಪು. ಅವತ್ತಿಂದ ಅವರು ನನ್ನ ಮುಂದೆ ಬಾಯಿ ಬಿಟ್ಟು ನಕ್ಕಿಲ್ಲ. ನೀವು ಯಾರಿಗಾದ್ರೂ ಹೇಳೋದಿದ್ರೆ ಪಕ್ಕದಲ್ಲಿ ಕೂತು ಮೆತ್ತಗೆ ಹೇಳಿ."

ಇಷ್ಟು ಹೇಳಿ ಮುಂದಿನ ಚೀಟಿ ಕೇಳಿದೆ. ನನ್ನ ಕಣ್ಣು ಮಂಜಾಗಿ ಮುಂದಿನ ಚಿತ್ರ ಏನೂ ಕಾಣಲಿಲ್ಲ. ಪಕ್ಕದ ಪ್ರೊಫೆಸರು ಕರ್ಚೀಫು ಕೊಟ್ಟರು.

ನಾನೂರು ಜನರ ಎದುರು ನೀನು ಮಾಡಿಕೊಂಡ ತಪ್ಪೊಪ್ಪಿಗೆಗೆ ಉತ್ತರ ಈ ಕಾಗದ. ನನ್ನದು ದೊಡ್ಡ ತಪ್ಪು. ನೀನು ಕಾಳಜಿಗೆ ಹೇಳಿದೆ, ನಾನು ಅವಮಾನ ಮಾಡಲೆಂದೇ ಹೇಳಿದೆ. ಯಾರ ಬಾಯಿಗೆ ಏನು ಕೊಟ್ಟೆ ಎಂದು ಕೇಳಿದ್ದೆನಲ್ಲ, ಆ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹಲ್ಲು ಬಿದ್ದ ಮೇಲೆ ಬರುವವಳು ನಾನು. ಬೀಳದ ಹಾಗೆ ಏನು ಮಾಡಬಹುದು ಎಂದು ತಟ್ಟೆಯ ಮುಂದೆ ಕಣ್ಣು ಕೆಂಪಗೆ ಮಾಡಿಕೊಂಡು ಕೂತವಳು ನೀನು. ನಿನ್ನ ಕೆಲಸ ಪೂರ್ತಿ ಗೆದ್ದರೆ ನನ್ನ ಅಂಗಡಿಗೆ ಬೀಗ ಬೀಳುತ್ತದೆ. ಬೀಳಲಿ ಬಿಡು, ಆ ಬೀಗವನ್ನು ಸಂತೋಷವಾಗಿ ನಾನೇ ಹಾಕುತ್ತೇನೆ.

ಈಗ ನನ್ನ ಜಂಬದ ವರದಿ. ಸಭೆಯಲ್ಲಿ ಕೊಟ್ಟ ಕಾರ್ಯಕ್ರಮದ ಹಾಳೆ ಅಂಗಡಿಯ ಮೇಜಿನ ಗಾಜಿನ ಕೆಳಗಿದೆ. ಸೆಟ್ಟಿಗೆಂದು ಬಂದವರು ಕಾಯುವಾಗ ಓದುತ್ತಾರೆ, ಓದದವರಿಗೆ ನಾನೇ ಓದಿ ಹೇಳುತ್ತೇನೆ. ಮೇಲಿನ ಮಹಡಿಯ ಡಾಕ್ಟರು ನಿನ್ನೆ "ಬ್ಯಾಕ್ಟೀರಿಯಾ ಒಸಡನ್ನ ತಿಂದ್ಹಾಕುತ್ತೆ" ಎಂದು ಯಾರಿಗೋ ಹೇಳುತ್ತಿದ್ದರು. "ತಿನ್ನೋದಲ್ಲ ಡಾಕ್ಟ್ರೇ, ಮೊದಲು ಕೈ ಬಿಡಿಸುತ್ತೆ" ಎಂದು ತಿದ್ದಿದೆ. ಎಲ್ಲಿ ಓದಿದಿರಿ ಎಂದು ಕೇಳಿದರು. ಓದಿದ್ದಲ್ಲ, ಮನೆಯಲ್ಲೇ ಇದೆ ಎಂದೆ. ಅಂಗಡಿಗೆ ಬಂದವರಿಗೆಲ್ಲ ಮಕ್ಕಳ, ಮನೆಯವರ ಒಸಡು ತೋರಿಸಿಕೊಂಡು ಬನ್ನಿ ಎಂದು ಮೆತ್ತಗೆ, ಪಕ್ಕದಲ್ಲಿ ಕೂತು ಹೇಳುತ್ತಿದ್ದೇನೆ. ಈ ವಾರ ಮೂವರು ಹೋಗಿ ಬಂದರು.

ನನ್ನ ಬಾಯಿಯ ಚಿಂತೆ ಮಾಡಬೇಡ. ಎರಡು ಸಲ ಕ್ಲೀನ್ ಮಾಡಿದ್ದಾರೆ. ಹಲ್ಲಿನ ಬೇರಿನ ತನಕ ಕೆರೆದು ತೆಗೆದರು, ನೋವು ಅಷ್ಟೇನಿಲ್ಲ. ಹಲ್ಲುಜ್ಜಿದರೆ ನೊರೆ ಬೆಳ್ಳಗೇ ಇರುತ್ತದೆ. ಮೊನ್ನೆ ಶುಕ್ರವಾರ ಮತ್ತೆ ಅಳೆದರು, ಎಲ್ಲ ಸರಿಯಾಗಿದೆ.

ಪುಟ್ಟಿಗೆ ನನ್ನ ಮುತ್ತು. ಮಗನಿಗೆ ಹೇಳು, ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದಿದ್ದನಲ್ಲ, ಸುಮ್ಮನಿರದೇ ಇದ್ದದ್ದಕ್ಕೆ ನಾನೂರು ಜನರಿಗೆ ಗೊತ್ತಾಯಿತು ಎಂದು.

ಎದೆ ಉಬ್ಬಿಸಿಕೊಂಡು ಓಡಾಡುತ್ತಿರುವ,
ನಿನ್ನ ಅತ್ತೆ

ತಾ.ಕ.: ಎಲ್ಲ ಸರಿಯಾಗಿದೆ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಕೆಳಗಿನ ಎದುರು ಹಲ್ಲುಗಳ ಹತ್ತಿರ ಅಳತೆ ಇನ್ನೂ ಆರು ಇದೆ. ಮುಂದಿನ ವಾರ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಒಸಡು ಬಿಡಿಸಿ ಒಳಗೆ ಕ್ಲೀನ್ ಮಾಡಿ ಹೊಲಿಗೆ ಹಾಕುತ್ತಾರೆ. ಎರಡು ಹಲ್ಲು ಉಳಿಯುತ್ತವೋ ಇಲ್ಲವೋ ಅವತ್ತೇ ಗೊತ್ತಾಗುವುದು. ನನಗೆ ಭಯವಾಗಿದೆ. ಆಸ್ಪತ್ರೆಯ ಫಾರಮ್ಮಿನಲ್ಲಿ "ಜೊತೆಗೆ ಬರುವವರು" ಎಂದು ಒಂದು ಜಾಗವಿತ್ತು. ಕೌಂಟರಿನವಳು, "ಮಗ ಅಂತ ಬರೀಲಾ ಅಮ್ಮ?" ಎಂದಳು. ಪೆನ್ನು ನಾನೇ ಇಸಿದುಕೊಂಡು ನಿನ್ನ ಹೆಸರು ಬರೆದೆ, ನಿನ್ನನ್ನು ಒಂದು ಮಾತೂ ಕೇಳದೆ.